ರಾಜರ ಸಾಲಿನಲ್ಲಿ ಅಜ್ಜನಿಗೂ ಒಂದು ಜಾಗ ಕೊಡಿ

ಪ್ರತಿ ವರ್ಷ ಏಪ್ರಿಲ್ ಬಂತೆಂದರೆ ನನಗೆ ಒಂದೇ ಪ್ರಶ್ನೆ ಹತ್ತು ಜನರಿಂದ ಬರುತ್ತದೆ. "ಮಕ್ಕಳಿಗೆ ನಮ್ಮತನ ಗೊತ್ತಾಗುವಂಥ ಒಂದು ಒಳ್ಳೆ ಪುಸ್ತಕ ಇದ್ದರೆ ಕೊಡಿ ಮಾರಾಯ್ರೆ!" ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ಎರಡು ಕಬ್ಬಿಣದ ಕಪಾಟಿನಷ್ಟು 'ದೊಡ್ಡ' ಗ್ರಂಥಾಲಯ ಇದೆ. ಭಾನುವಾರ ಬೆಳಿಗ್ಗೆ ಅದರ ಬೀಗ ತೆಗೆದು ಎರಡು ಗಂಟೆ ಕೂರುವ ಕೆಲಸ ನನ್ನದು. ಪ್ರಶ್ನೆ ಕೇಳುವವರು ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ. "ಕಿತ್ತೂರು ಚೆನ್ನಮ್ಮ ಇದೆಯಾ? ರಾಣಿ ಅಬ್ಬಕ್ಕ? ಕೃಷ್ಣದೇವರಾಯ? ವಿವೇಕಾನಂದ?" ಇದೆ, ಎಲ್ಲ ಇದೆ. ತೆಗೆದು ಕೊಡುತ್ತೇನೆ, ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತೇನೆ. ಎರಡು ವಾರ ಬಿಟ್ಟು ಪುಸ್ತಕ ವಾಪಸು ಬರುವಾಗ "ಮಗ ಓದಿದನಾ?" ಅಂತ ಕೇಳಿದರೆ ಅಪ್ಪ ಅಮ್ಮ ಇಬ್ಬರೂ ತಲೆ ಎತ್ತಿ ಫ್ಯಾನು ನೋಡುತ್ತಾರೆ.

"ಅವನಿಗೆ ಕನ್ನಡ ಓದಲಿಕ್ಕೆ ಕಷ್ಟ ಆಂಟಿ" ಅನ್ನುತ್ತಾರೆ. ಅದು ನಿಜ. ಆದರೆ ಅರ್ಧ ನಿಜ ಮಾತ್ರ. ಅದೇ ಪುಸ್ತಕ ಇಂಗ್ಲಿಷಿನಲ್ಲಿ ಸಿಕ್ಕಿದರೂ ಆ ಹುಡುಗ ಹತ್ತು ಪುಟ ದಾಟುವುದಿಲ್ಲ. ಉಳಿದ ಅರ್ಧದ ಬಗ್ಗೆ ನನಗೊಂದು ಅಭಿಪ್ರಾಯ ಇದೆ. ಅದನ್ನು ಹೇಳುವುದಕ್ಕೇ ಇಷ್ಟು ಪೀಠಿಕೆ.

ಊರು ಬಿಟ್ಟು ಬಂದವರ ಮಕ್ಕಳಿಗೆ 'ನಮ್ಮತನ' ತಿಳಿಸಲಿಕ್ಕೆ ರಾಜರಾಣಿಯರ ಪುಸ್ತಕ ಸಾಲುವುದಿಲ್ಲ. ಅವರಿಗೆ ಮನೆಯ ಕಥೆಯೂ ಬೇಕು. ಇಲ್ಲಿಗೆ ಮೊದಲು ಬಂದವರು ಯಾರು, ಯಾಕೆ ಬಂದರು, ಎಲ್ಲಿ ಹೆದರಿದರು, ಯಾರು ಕೈ ಹಿಡಿದರು, ಇವೆಲ್ಲ ಇರುವ ಪುಸ್ತಕ. ಅಂಥದ್ದು ನಮ್ಮ ಕಪಾಟಿನಲ್ಲಿ ಒಂದೂ ಇಲ್ಲ. ರಾಜರನ್ನು ಕಪಾಟಿನಿಂದ ಇಳಿಸಿ ಅಂತ ನಾನು ಹೇಳುತ್ತಿಲ್ಲ. ಅವರು ಸ್ವಲ್ಪ ಒತ್ತಿಕೊಂಡು ಕೂತು ಪಕ್ಕದಲ್ಲಿ ನಮ್ಮ ಅಜ್ಜನಿಗೂ ಒಂದು ಜಾಗ ಮಾಡಿಕೊಡಲಿ ಅಂತ ಮಾತ್ರ.

ನಾನು 1986ರಲ್ಲಿ ಕಾರ್ಕಳದಿಂದ ಮದುವೆಯಾಗಿ ಮುಂಬಯಿಗೆ ಬಂದವಳು. ಕಾರ್ಕಳದವರಿಗೆ ಮಕ್ಕಳ ಪುಸ್ತಕದ ಮಾತು ಬಂದಾಗ ಸ್ವಲ್ಪ ಹೆಮ್ಮೆ ಪಡುವ ಹಕ್ಕಿದೆ. ಅಮರ ಚಿತ್ರ ಕಥೆಯ ಅನಂತ ಪೈ ನಮ್ಮೂರಿನವರು, ಹುಟ್ಟಿದ್ದು 1929ರಲ್ಲಿ. 1967ರಲ್ಲಿ ದೆಹಲಿಯಲ್ಲಿ ಟೀವಿಯ ಒಂದು ಕ್ವಿಜ್ ನೋಡುವಾಗ, ಗ್ರೀಕ್ ಪುರಾಣದ ಪ್ರಶ್ನೆಗೆ ಸಲೀಸಾಗಿ ಉತ್ತರ ಹೇಳಿದವರಿಗೆ ರಾಮನ ತಾಯಿಯ ಹೆಸರು ಗೊತ್ತಿರಲಿಲ್ಲವಂತೆ. ಅಲ್ಲಿಂದ ಹೊರಟದ್ದು ಅವರ ದಾರಿ. ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ. ಅದಕ್ಕೂ ಎರಡು ವರ್ಷ ಮೊದಲು, 1965ರಲ್ಲಿ, ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸಿನ ಜಿ. ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಅಮರ ಚಿತ್ರ ಕಥೆ ಕನ್ನಡದಲ್ಲಿ ಹೊರಬಂದಿತ್ತು. ಆ ಮೊದಲಿನ ಹತ್ತು ಪುಸ್ತಕಗಳು ಪಾಶ್ಚಾತ್ಯ ಕಥೆಗಳು. ಹಾಗಾಗಿಯೇ ಅನಂತ ಪೈಯವರ 'ಕೃಷ್ಣ'ನಿಗೆ ಸಿಕ್ಕಿದ ನಂಬರು 11. ಅಂದರೆ ದೇಶವೇ ಓದಿದ ಆ ಮಾಲೆಯ ಬೇರಿನಲ್ಲಿ ಕನ್ನಡ ಇದೆ!

ನನ್ನ ಮಗ ಆ ಪುಸ್ತಕಗಳನ್ನು ಓದಿಯೇ ದೊಡ್ಡವನಾದದ್ದು. ಉದ್ದದ ರೈಲು ಪ್ರಯಾಣದಲ್ಲಿ ಅವನನ್ನು ಸುಮ್ಮನೆ ಕೂರಿಸಿದ್ದೂ ಅವೇ. ಹಾಗಾಗಿ ಅವುಗಳ ಋಣ ನನ್ನ ಮೇಲಿದೆ. ಆದರೂ ಒಂದು ಮಾತು. ಈಗ ಒಂಬತ್ತು ವರ್ಷದ ನನ್ನ ಮೊಮ್ಮಗಳು ಅಪ್ಪನ ಹಳೆಯ ಗಂಟು ಬಿಚ್ಚಿ ಓದುತ್ತಾ ಓದುತ್ತಾ ಒಂದು ದಿನ ಕೇಳಿದಳು, "ಅಜ್ಜೀ, ಇದರಲ್ಲಿ ರಾಕ್ಷಸರೆಲ್ಲ ಯಾಕೆ ಕಪ್ಪು? ಅಜ್ಜನ ಹಾಗೆ?" ಪೇಪರು ಓದುತ್ತಿದ್ದ ಅವಳ ಅಜ್ಜ ಕನ್ನಡಕ ಇಳಿಸಿ, "ನಾನು ರಾಕ್ಷಸನೇ ಮಗಾ, ನಿನ್ನ ಅಜ್ಜಿಯನ್ನು ಕೇಳು" ಅಂದರು. ಎಲ್ಲರೂ ನಕ್ಕೆವು. ಆದರೆ ಮಗುವಿನ ಪ್ರಶ್ನೆ ನಗುವಂಥದ್ದಲ್ಲ. ಒಳ್ಳೆಯವರು ಬೆಳ್ಳಗೆ, ಕೆಟ್ಟವರು ಕಪ್ಪಗೆ ಅನ್ನುವುದನ್ನು ದೊಡ್ಡ ದೊಡ್ಡ ವಿದ್ವಾಂಸರೂ ಆ ಚಿತ್ರಗಳ ಬಗ್ಗೆ ಆಕ್ಷೇಪ ಅಂತ ಎತ್ತಿದ್ದಾರೆ. ಅದನ್ನೇ ಒಂಬತ್ತರ ಹುಡುಗಿ ಮನೆಯ ಅಜ್ಜನ ಪಕ್ಕದಲ್ಲಿ ಇಟ್ಟು ನೋಡಿದಳು. ಪುಸ್ತಕದಲ್ಲಿ ನಮ್ಮ ಮನೆಯವರ ಮುಖ ಎಲ್ಲಿದೆ ಅಂತ ಮಕ್ಕಳು ಹುಡುಕುವುದೇ ಹೀಗೆ.

ನಮ್ಮ ಕಪಾಟಿನಲ್ಲಿ 'ಭಾರತ-ಭಾರತಿ' ಮಾಲೆಯ ಪುಟ್ಟ ಪುಸ್ತಕಗಳೂ ಇವೆ. ರಾಷ್ಟ್ರೋತ್ಥಾನ ಪರಿಷತ್ತಿನವರು ಪ್ರೊ. ಎಲ್. ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ 1970ರ ದಶಕದಲ್ಲಿ ತಂದದ್ದು, ಒಟ್ಟು 510. ಒಂದೊಂದು ಪುಸ್ತಕಕ್ಕೆ ಒಬ್ಬೊಬ್ಬ ಮಹನೀಯರು. ಆ ಕಾಲದಲ್ಲಿ ಕನ್ನಡದ ಮಕ್ಕಳಿಗಾಗಿ 510 ಪುಸ್ತಕ ಬರೆಸಿ, ಅಚ್ಚು ಹಾಕಿಸಿ, ಹಳ್ಳಿ ಹಳ್ಳಿ ಮುಟ್ಟಿಸಿದ್ದು ಸಣ್ಣ ಕೆಲಸವಲ್ಲ. ನಮ್ಮ ತಲೆಮಾರಿನವರಿಗೆ ಇತಿಹಾಸ ಅಂತ ಸಿಕ್ಕಿದ್ದರಲ್ಲಿ ಅರ್ಧ ಅಲ್ಲಿಂದಲೇ.

ಆದರೆ ಮಹಾಪುರುಷರ ಪುಸ್ತಕಗಳಲ್ಲಿ ಒಂದು ತೊಂದರೆ ಇದೆ. ಅವರು ಹುಟ್ಟುವಾಗಲೇ ಮಹಾಪುರುಷರು. ಎರಡನೇ ಪುಟದಲ್ಲಿ ಸುಳ್ಳು ಹೇಳುವುದಿಲ್ಲ, ಮೂರನೇ ಪುಟದಲ್ಲಿ ಹೆದರುವುದಿಲ್ಲ, ನಾಲ್ಕನೇ ಪುಟಕ್ಕೆ ದೇಶಕ್ಕೆ ಪ್ರಾಣ ಕೊಡಲು ತಯಾರು. ಕ್ಲಾಸಿನಲ್ಲಿ ಎದ್ದುನಿಂತು ಉತ್ತರ ಹೇಳಲಿಕ್ಕೂ ಕೈಕಾಲು ನಡುಗುವ ಮಗು ಇದನ್ನು ಓದಿ ಏನು ಮಾಡಬೇಕು? 'ಇವರು ಬೇರೆ ಜಾತಿಯ ಮನುಷ್ಯರು, ನಾನು ಬೇರೆ' ಅಂತ ತೀರ್ಮಾನ ಮಾಡಿ ಪುಸ್ತಕ ಮುಚ್ಚುತ್ತದೆ. ಕತ್ತಿ ಹಿಡಿದವರ ಧೈರ್ಯ ನೋಡಲಿಕ್ಕೆ ಚಂದ. ಮಗುವಿನ ಕೈಗೆ ಎಟಕುವ ಧೈರ್ಯ ಬೇರೆಯೇ.

ಅದು ಹೇಗಿರುತ್ತದೆ ಅಂತ ನಾನು ಕಂಡದ್ದು ನಮ್ಮ ಸೊಸೆಯ ತವರಿನಿಂದ ಬಂದ ಪುಸ್ತಕದಲ್ಲಿ. ಸೊಸೆ ಮರಾಠಿಯವಳು, ರತ್ನಾಗಿರಿ ಕಡೆಯವಳು. ಹಾಗಾಗಿ ಮೊಮ್ಮಗಳಿಗೆ ನಾನು 'ಅಜ್ಜಿ', ಅಲ್ಲಿಯವರು 'ಆಜಿ'. ಒಂದು ಒತ್ತಿನಲ್ಲಿ ಎರಡು ಮನೆ! ಸೊಸೆ ತಂದ ಪುಸ್ತಕ ಸಾನೆ ಗುರೂಜಿಯವರ 'ಶ್ಯಾಮಚಿ ಆಯಿ'. ಮಹಾರಾಷ್ಟ್ರದಲ್ಲಿರುವ ಕನ್ನಡಿಗರು ಹೆಸರು ಕೇಳದೇ ಇರುವುದಿಲ್ಲ. ಗುರೂಜಿಯವರು ಅದನ್ನು ಬರೆದದ್ದು 1933ರಲ್ಲಿ, ನಾಸಿಕದ ಜೈಲಿನಲ್ಲಿ. ಪ್ರಕಟವಾದದ್ದು 1935ರಲ್ಲಿ. ಪ್ರ. ಕೇ. ಅತ್ರೆಯವರು 1953ರಲ್ಲಿ ಸಿನಿಮಾ ಮಾಡಿದರು. ರಾಷ್ಟ್ರಪತಿಗಳ ಚಿನ್ನದ ಪದಕ ಮೊಟ್ಟಮೊದಲು ಪಡೆದ ಚಿತ್ರ ಅದು. 2023ರಲ್ಲಿ ಮತ್ತೊಮ್ಮೆ ಸಿನಿಮಾ ಆಯಿತು. ತೊಂಬತ್ತು ವರ್ಷ ಓಡಿದ ಪುಸ್ತಕ.

ಅದರಲ್ಲಿ ಏನಿದೆ ಅಂತೀರಿ? ಕೊಂಕಣದ ಪಾಲಗಡ ಅನ್ನುವ ಹಳ್ಳಿ, ಸಾಲದಲ್ಲಿ ಮುಳುಗುತ್ತಿರುವ ಒಂದು ಮನೆ, ಒಬ್ಬ ತಾಯಿ, ಅವಳ ಅಳುಬುರುಕ ಮಗ. ಅಷ್ಟೇ. ಮಗನಿಗೆ ಈಜು ಕಲಿಯಲು ಹೆದರಿಕೆ, ಓಡಿಹೋಗಿ ಅಟ್ಟದಲ್ಲಿ ಅಡಗಿ ಕೂರುತ್ತಾನೆ. ತಾಯಿ ಬೆತ್ತದ ರುಚಿ ತೋರಿಸಿ ಬಾವಿಗೆ ಕಳಿಸುತ್ತಾಳೆ. ಆಮೇಲೆ ಅವನ ಬೆನ್ನಿನ ಬಾಸುಂಡೆ ನೋಡಿ ಕಣ್ಣೀರು ಹಾಕುವವಳೂ ಅವಳೇ, ನಿನ್ನನ್ನು ಊರವರು ಹೇಡಿ ಅಂತ ಕರೆದರೆ ನನಗೆ ತಡೆಯುತ್ತದೆಯೇ ಅಂತ ಕೇಳುವವಳೂ ಅವಳೇ. ಸಾಲ ಕೊಟ್ಟ ಸಾಹುಕಾರನ ಗುಮಾಸ್ತ ಮನೆಗೆ ಬಂದು ತಾಯಿಗೆ ಆಡಬಾರದ ಮಾತು ಆಡಿ ಹೋಗುತ್ತಾನೆ. ಯಾವ ಯುದ್ಧವೂ ಇಲ್ಲ, ಕೊನೆಗೆ ಗೆಲುವೂ ಇಲ್ಲ. ಬೆತ್ತದ ಏಟನ್ನು ಈ ಕಾಲದಲ್ಲಿ ನಾನೂ ಒಪ್ಪುವುದಿಲ್ಲ, ಸೊಸೆಯೂ ಒಪ್ಪುವುದಿಲ್ಲ. ಓದುವಾಗ ಅಲ್ಲಿ ನಿಲ್ಲಿಸಿ ಮಗುವಿನ ಹತ್ತಿರ ಆ ವಿಷಯ ಮಾತಾಡುತ್ತೇವೆ. ಆದರೆ ಹೆದರಿಕೆ ಇದ್ದವನೇ ನೀರಿಗೆ ಹಾರಿದ್ದು ಅನ್ನುವುದು ಮೊಮ್ಮಗಳಿಗೆ ಅರ್ಥವಾಯಿತು. "ನನಗೂ ಅಷ್ಟೇ ಹೆದರಿಕೆ ಆಗಿತ್ತು, ಸ್ವಿಮ್ಮಿಂಗ್ ಕ್ಲಾಸಿನಲ್ಲಿ" ಅಂದಳು. ಯಾವ ರಾಣಿಯ ಕಥೆ ಓದಿದಾಗಲೂ ಅವಳು 'ನನಗೂ' ಅಂದದ್ದನ್ನು ನಾನು ಕೇಳಿರಲಿಲ್ಲ.

ಪುಸ್ತಕದ ಕಟ್ಟು ಗಮನಿಸಿ. ಶ್ಯಾಮ ದೊಡ್ಡವನಾದ ಮೇಲೆ ಆಶ್ರಮದ ಗೆಳೆಯರಿಗೆ ದಿನವೂ ಪ್ರಾರ್ಥನೆಯ ನಂತರ ತಾಯಿಯ ಒಂದೊಂದು ನೆನಪು ಹೇಳುತ್ತಾನೆ, 42 ರಾತ್ರಿ. ಅಂದರೆ ಅದು ಕಣ್ಣಿಗಿಂತ ಕಿವಿಗೆ ಬರೆದ ಪುಸ್ತಕ. ಇಲ್ಲಿ ನಮಗೊಂದು ಪಾಠ ಇದೆ, ಆಮೇಲೆ ಹೇಳುತ್ತೇನೆ.

ಹಾಗಾದರೆ ಕನ್ನಡದಲ್ಲಿ ಇಂಥದ್ದು ಇಲ್ಲವೇ ಅಂತ ನೀವು ಕೇಳಬಹುದು. ಕನ್ನಡ ಮಕ್ಕಳ ಸಾಹಿತ್ಯ ಬಡವಾದದ್ದು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಪಂಜೆಯವರು, ಕುವೆಂಪು, ರಾಜರತ್ನಂ ಕೊಟ್ಟದ್ದು ಇದೆ. ಶಿವರಾಮ ಕಾರಂತರು 1930ರ ದಶಕದಲ್ಲೇ 'ಬಾಲ ಪ್ರಪಂಚ' ಅಂತ ಮೂರು ಸಂಪುಟ ಮಾಡಿ ಜಗತ್ತನ್ನೇ ಮಕ್ಕಳ ಮುಂದೆ ಹರಡಿದರು. ಈಗಲೂ ಒಳ್ಳೆಯವರು ಬರೆಯುತ್ತಿದ್ದಾರೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ 2022ರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ'ಗೆ, 2023ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'ಗೆ, 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆಯವರ 'ಛೂಮಂತ್ರಯ್ಯನ ಕಥೆಗಳು' ಪುಸ್ತಕಕ್ಕೆ ಬಂತು.

ಇದೇ ಪುರಸ್ಕಾರ ಶುರುವಾದದ್ದು 2010ರಲ್ಲಿ. ಆ ಮೊದಲ ವರ್ಷ ಕನ್ನಡಕ್ಕೆ ಬಂದದ್ದು ನಮ್ಮ ಪುತ್ತೂರು ಕಡೆಯ ಬೊಳುವಾರು ಮಹಮ್ಮದ್ ಕುಂಞಿಯವರ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ'ಗೆ. ಪಿ. ಶೇಷಾದ್ರಿಯವರು ಅದನ್ನು ಇಟ್ಟುಕೊಂಡು 2019ರಲ್ಲಿ 'ಮೋಹನದಾಸ' ಅಂತ ಸಿನಿಮಾ ಮಾಡಿದರು. ಯಾರಾದರೂ "ಒಂದೇ ಒಂದು ಹೇಳಿ" ಅಂತ ಕೇಳಿದರೆ ನಾನು ಹೇಳುವುದು ಈ ಪುಸ್ತಕ. ಯಾಕೆಂದರೆ ಅಲ್ಲಿ ಬಾಪು ಆಮೇಲೆ, ಪಾಪು ಮೊದಲು. ಗಾಂಧೀಜಿಯೇ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರಲ್ಲ, ಕತ್ತಲೆಗೆ ಹೆದರುತ್ತಿದ್ದೆ, ದೆವ್ವಕ್ಕೆ ಹೆದರುತ್ತಿದ್ದೆ, ಅಣ್ಣನ ಬಳೆಯಿಂದ ಚೂರು ಚಿನ್ನ ಕದ್ದಿದ್ದೆ ಅಂತ. ಕದ್ದದ್ದನ್ನು ಚೀಟಿಯಲ್ಲಿ ಬರೆದು ಅಪ್ಪನ ಕೈಗೆ ಕೊಟ್ಟ ಆ ಹುಡುಗನ ಧೈರ್ಯ ಇದೆಯಲ್ಲ, ಅದನ್ನು ಯಾವ ಮಗುವೂ ನಾಳೆಯೇ ಮಾಡಿ ನೋಡಬಹುದು.

ಸರಿ, ಪುಸ್ತಕಗಳು ಇವೆ. ಆದರೆ ಡೊಂಬಿವಲಿಯ ಮಗುವಿನ ಒಂದು ಪ್ರಶ್ನೆಗೆ ಇವು ಯಾವುದರಲ್ಲೂ ಉತ್ತರ ಇಲ್ಲ. "ನಾವು ಇಲ್ಲಿಗೆ ಯಾಕೆ ಬಂದದ್ದು?" ಶಾಲೆಯಲ್ಲಿ "ನಿಮ್ಮ ಗಾಂವ್ ಯಾವುದು" ಅಂತ ಕೇಳಿದರೆ ಈ ಮಕ್ಕಳು ಒಂದು ಕ್ಷಣ ತಡವರಿಸುತ್ತವೆ. ಗಾಂವ್ ಅಂದರೆ ಎರಡು ವರ್ಷಕ್ಕೊಮ್ಮೆ ಹತ್ತು ದಿನ ಹೋಗಿ ಬರುವ ಜಾಗ. ಮನೆ ಇಲ್ಲಿ. ಹಾಗಾದರೆ ನಾವು ಯಾರು?

ಇದಕ್ಕೆ ಉತ್ತರ ನಮ್ಮ ಹಿರಿಯರ ಬದುಕಿನಲ್ಲಿದೆ. ನನ್ನ ಮಾವ 12ನೇ ವಯಸ್ಸಿನಲ್ಲಿ ಮಂಗಳೂರಿನಿಂದ ಸ್ಟೀಮರು ಹತ್ತಿ ಮುಂಬಯಿಗೆ ಬಂದವರು. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ, ಇದು ಅದಕ್ಕೂ ಅರ್ಧ ಶತಮಾನ ಹಿಂದಿನ ಮಾತು. ಹಗಲು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುವುದು, ಸಂಜೆ ಕೈ ಒರೆಸಿಕೊಂಡು ಫೋರ್ಟಿನ ಕನ್ನಡ ರಾತ್ರಿ ಶಾಲೆಗೆ ಓಡುವುದು, ರಾತ್ರಿ ಅದೇ ಹೋಟೆಲಿನ ಮೇಜು ಜೋಡಿಸಿ ಮಲಗುವುದು. ಹೀಗೆ ಮೆಟ್ರಿಕ್ ಮುಗಿಸಿದವರು ಇವರೊಬ್ಬರೇ ಅಲ್ಲ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಿಂದ ಹೀಗೆ ಬ್ಯಾಂಕಿಗೆ, ಕಚೇರಿಗೆ, ಕೋರ್ಟಿಗೆ ಹೋದವರ ಒಂದು ತಲೆಮಾರೇ ಇದೆ. ಮಾಟುಂಗಾ ಸ್ಟೇಷನ್ ಹತ್ತಿರ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರು ಮಾಡಿದ ರಾಮ ನಾಯಕರೂ ಹುಡುಗನಾಗಿ ಬಂದು ಪಾತ್ರೆ ತೊಳೆದೇ ಮೇಲೆ ಬಂದವರು. ಅಷ್ಟೇ ಯಾಕೆ, ನಮ್ಮ ಅನಂತ ಪೈಯವರ ಕಥೆ ನೋಡಿ. ಎರಡು ವರ್ಷಕ್ಕೇ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡು, 12ನೇ ವಯಸ್ಸಿನಲ್ಲಿ ಕಾರ್ಕಳದಿಂದ ಮುಂಬಯಿಗೆ ಬಂದ ಹುಡುಗ. ದೇಶದ ಮಕ್ಕಳಿಗೆ ನೂರಾರು ವೀರರನ್ನು ಪರಿಚಯ ಮಾಡಿಸಿದವರ ಸ್ವಂತ ಬಾಲ್ಯವೇ ನಾನು ಕೇಳುತ್ತಿರುವ ಪುಸ್ತಕ!

ಈ ಇತಿಹಾಸ ಬರೆಯುವಾಗ ಸಕ್ಕರೆ ಹಾಕಬಾರದು. ಹೋಟೆಲಿನಲ್ಲಿ ಒಳಗೆ ಅಡುಗೆ ಮಾಡುವವರು ಯಾರು, ಹೊರಗೆ ಮೇಜು ಒರೆಸುವವರು ಯಾರು ಅನ್ನುವುದರಲ್ಲಿ ಜಾತಿ ಇತ್ತು. ಓದಬೇಕಾದ ವಯಸ್ಸಿನ ಮಕ್ಕಳು ದುಡಿದದ್ದು ಅಭಿಮಾನದ ವಿಷಯವಲ್ಲ, ಬಡತನದ ವಿಷಯ. ಅದೂ ಇರಲಿ.

ಇನ್ನು ಎಲ್ಲಕ್ಕಿಂತ ಕಷ್ಟದ ಒಂದು ಕಥೆ ಇದೆ. ನಮ್ಮ ಮನೆಯಲ್ಲಿ ಅದರ ಮೇಲೆ ಚರ್ಚೆಯೇ ಆಯಿತು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲಿನ ವರ್ಷಗಳಲ್ಲಿ ದಕ್ಷಿಣದವರ ಹೋಟೆಲುಗಳ ಮೇಲೆ ಕಲ್ಲು ಬಿದ್ದದ್ದು, 1969ರ ಫೆಬ್ರವರಿಯಲ್ಲಿ ಬೆಳಗಾವಿ ಗಡಿಯ ಜಗಳದಲ್ಲಿ ಮುಂಬಯಿ ದಿನಗಟ್ಟಲೆ ಹೊತ್ತಿ ಉರಿದದ್ದು, ಹತ್ತಾರು ಜನ ಸತ್ತದ್ದು ಎಲ್ಲರಿಗೂ ಗೊತ್ತಿರುವ ಇತಿಹಾಸ. ಆಗ ನನ್ನ ಗಂಡನಿಗೆ ಒಂಬತ್ತು ವರ್ಷ, ಈಗ ಮೊಮ್ಮಗಳಿಗೆ ಎಷ್ಟೋ ಅಷ್ಟೇ. ಪರೇಲಿನ ಚಾಳಿನಲ್ಲಿ ಇದ್ದರು. ಮಾವ ಹೋಟೆಲಿನಿಂದ ಮನೆಗೆ ಬರಲಾಗದೆ ಅಲ್ಲೇ ಸಿಕ್ಕಿಬಿದ್ದಿದ್ದರು. ಪಕ್ಕದ ಖೋಲಿಯ ಮಾಲವಣದ ಹೆಂಗಸು ಬಂದು ನನ್ನ ಅತ್ತೆಯನ್ನೂ ಮಕ್ಕಳನ್ನೂ ತನ್ನ ಖೋಲಿಗೆ ಕರೆದುಕೊಂಡು ಹೋದರಂತೆ. ರಾತ್ರಿ ನಾಲ್ಕೈದು ಹುಡುಗರು ಬಂದು ಬಾಗಿಲಲ್ಲಿ ವಿಚಾರಿಸಿದರೆ, "ಎಲ್ಲ ನನ್ನ ತಂಗಿಯ ಮಕ್ಕಳು, ಊರಿನಿಂದ ಬಂದಿದ್ದಾರೆ" ಅಂದರಂತೆ. ಮಕ್ಕಳಿಗೆ ಬಾಯಿ ಬಿಡಬೇಡಿ ಅಂತ ಸನ್ನೆ. ಬಾಯಿ ಬಿಟ್ಟರೆ ಬರುವುದು ಕನ್ನಡ ತಾನೇ!

ಗಂಡ ಇದನ್ನು ಮೊಮ್ಮಗಳಿಗೆ ಹೇಳಹೊರಟಾಗ ಮಗ ತಡೆದ. "ಅಮ್ಮ, ಇದೆಲ್ಲ ಈಗ ಯಾಕೆ? ಅವಳ ತಾಯಿ ಮರಾಠಿ. ಮಗುವಿನ ಮನಸ್ಸಿನಲ್ಲಿ ನಾವು ಅವರು ಅಂತ ಬರುವುದು ಬೇಡ." ಅವನ ಮಾತಿನಲ್ಲಿ ತೂಕ ಇತ್ತು. ಉತ್ತರ ಕೊಟ್ಟವಳು ಸೊಸೆ. "ಹೇಳಲಿ. ಕಲ್ಲು ಹೊಡೆದವರೂ ನಮ್ಮವರೇ, ಬಾಗಿಲಲ್ಲಿ ನಿಂತವರೂ ನಮ್ಮವರೇ. ಯಾರ ಹಾಗೆ ಆಗಬೇಕು ಅಂತ ಅವಳೇ ನೋಡಿಕೊಳ್ಳಲಿ." ಕಥೆ ಮುಗಿದ ಮೇಲೆ ಮಗು ಕೇಳಿದ್ದು ಮರಾಠಿ ಕನ್ನಡದ ವಿಷಯ ಅಲ್ಲವೇ ಅಲ್ಲ. "ಆ ಆಜಿಗೆ ಹೆದರಿಕೆ ಆಗಲಿಲ್ವಾ ಅಜ್ಜ?" ಅಂತ. "ಆಗಿತ್ತು ಮಗಾ, ನನ್ನ ಕೈ ಹಿಡಿದಿದ್ದರಲ್ಲ, ಅವರ ಕೈ ನಡುಗುತ್ತಿದ್ದದ್ದು ನನಗೆ ಗೊತ್ತಾಗುತ್ತಿತ್ತು."

ನೋಡಿ, ಒಂದು ಸಣ್ಣ ಕಥೆಯಲ್ಲಿ ಎಲ್ಲ ಬಂತು. ನಾವು ಯಾರು ಅನ್ನುವುದು ಬಂತು, ಮನೆ ಬಂತು, ಧೈರ್ಯ ಬಂತು, ಇತಿಹಾಸ ಬಂತು. ಇದರ ಮುಖ್ಯ ಪಾತ್ರ ಕನ್ನಡದವರಲ್ಲ, ಆದರೂ ಇದು ನಮ್ಮದೇ ಕಥೆ. ಇಂಥ ಪುಸ್ತಕ ಬರೆದರೆ ಪ್ರಾಮಾಣಿಕವಾಗಿ ಇನ್ನೊಂದನ್ನೂ ಬರೆಯಬೇಕಾಗುತ್ತದೆ. 1991ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಕಾವೇರಿಯ ಹೆಸರಿನಲ್ಲಿ ತಮಿಳರ ಮೇಲೆ ನಡೆದದ್ದೂ ಇದೇ. ಅಲ್ಲಿಯೂ ಯಾವುದೋ ಖೋಲಿಯಲ್ಲಿ ಒಂದು ಮಗು ಬಾಯಿ ಮುಚ್ಚಿಕೊಂಡು ಕೂತಿದ್ದಿರಬೇಕು. ಆ ಸಲ ಕಲ್ಲು ನಮ್ಮ ಭಾಷೆಯವರ ಕೈಯಲ್ಲಿತ್ತು. ಕನ್ನಡದ ಮಗು ಇದನ್ನೂ ಓದಬೇಕು. ನಾವು ಗೆದ್ದದ್ದು, ನಮಗೆ ಅನ್ಯಾಯ ಆದದ್ದು, ಇವೆರಡನ್ನೇ ಹೇಳಿಕೊಟ್ಟರೆ ಅದು ಅರ್ಧ ಇತಿಹಾಸ. ಅರ್ಧ ಇತಿಹಾಸ ಓದಿದವರು ಮುಂದೆ ಏನು ಮಾಡುತ್ತಾರೆ ಅಂತ ನಾವು ನೋಡಿದ್ದೇವಲ್ಲ.

ನಮ್ಮ ಸಂಘದ ಹಿರಿಯರೊಬ್ಬರು ಇದನ್ನು ಒಪ್ಪುವುದಿಲ್ಲ. "ಮಕ್ಕಳಿಗೆ ದೊಡ್ಡ ಆದರ್ಶ ಇಡಬೇಕು. ಕಪ್ಪು ಬಸಿ ತೊಳೆದದ್ದನ್ನು ಹೇಳಿ ಕೀಳರಿಮೆ ತರಬೇಡಿ" ಅನ್ನುತ್ತಾರೆ. ಅವರೂ ರಾತ್ರಿ ಶಾಲೆಯಲ್ಲಿ ಓದಿದವರೇ, ಆ ದಿನಗಳ ಬಗ್ಗೆ ಮೊಮ್ಮಕ್ಕಳ ಮುಂದೆ ಒಂದು ಮಾತೂ ಆಡುವುದಿಲ್ಲ. ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ಕಷ್ಟಪಟ್ಟು ತೊಳೆದುಕೊಂಡ ಕೈಯನ್ನು ಮತ್ತೆ ಮೋರಿಯಲ್ಲಿ ಅದ್ದಿ ತೋರಿಸುವುದಕ್ಕೆ ಯಾರಿಗೆ ಮನಸ್ಸಾಗುತ್ತದೆ? ಆದರೆ ನನಗೆ ಅನ್ನಿಸುವುದು ಬೇರೆ. ನಾವು ಮುಚ್ಚಿಟ್ಟದ್ದನ್ನು ಮಕ್ಕಳು ನಾಚಿಕೆಯ ವಿಷಯ ಅಂತಲೇ ತಿಳಿದುಕೊಳ್ಳುತ್ತವೆ. ಹೇಳಿದ್ದನ್ನು ಮಾತ್ರ ಅಭಿಮಾನದ ವಿಷಯ ಅಂತ ತಿಳಿದುಕೊಳ್ಳಲು ಸಾಧ್ಯ. ಪಾಲಗಡದ ಆ ಸಾಲಗಾರರ ಮನೆಯಲ್ಲಿ ಬಚ್ಚಿಡುವಂಥದ್ದು ಎಷ್ಟಿರಲಿಲ್ಲ? ಮಗ ಬರೆದ. ಈಗ ಮಹಾರಾಷ್ಟ್ರದ ಅರ್ಧ ಮನೆಗಳು ಆ ತಾಯಿಯನ್ನು ತಮ್ಮ ತಾಯಿ ಅಂದುಕೊಂಡಿವೆ.

ಇನ್ನೂ ಒಂದು ಅವಸರದ ಕಾರಣ ಇದೆ. ಸ್ಟೀಮರು ಹತ್ತಿ ಬಂದವರು ಈಗ ಬೆರಳೆಣಿಕೆಯಷ್ಟು ಉಳಿದಿದ್ದಾರೆ. ನನ್ನ ಮಾವ ಹೋಗಿ ಹನ್ನೊಂದು ವರ್ಷವಾಯಿತು. ಅವರ ಕಥೆಯಲ್ಲಿ ನನಗೆ ಗೊತ್ತಿರುವುದು ಇಷ್ಟೇ, ನಾನು ಇಲ್ಲಿ ಬರೆದಷ್ಟು. ಸ್ಟೀಮರಿನಲ್ಲಿ ಏನು ತಿಂದರು, ಮೊದಲ ಸಂಬಳದಲ್ಲಿ ಊರಿಗೆ ಎಷ್ಟು ಕಳಿಸಿದರು, ಅಮ್ಮನ ನೆನಪಾದಾಗ ಎಲ್ಲಿ ಕೂತು ಅತ್ತರು, ಯಾವುದೂ ಗೊತ್ತಿಲ್ಲ. ಮಕ್ಕಳು ಕೇಳುವುದು ಇಂಥದ್ದನ್ನೇ.

ಈಗ ಭಾಷೆಯ ಮಾತಿಗೆ ಬರುತ್ತೇನೆ. ನಮ್ಮ ಮಕ್ಕಳಿಗೆ ಕನ್ನಡ ಕಿವಿಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಕನ್ನಡ ಮಾತಾಡುತ್ತವೆ, ಓದುವುದು ದೇವನಾಗರಿ ಮತ್ತು ಇಂಗ್ಲಿಷ್. ಮೂರು ವರ್ಷದವರ ಅಕ್ಷರದ ಪುಸ್ತಕ ಕೊಟ್ಟರೆ ಒಂಬತ್ತು ವರ್ಷದವರಿಗೆ ಅವಮಾನ. ಒಂಬತ್ತು ವರ್ಷದವರ ಪುಸ್ತಕ ಕೊಟ್ಟರೆ ಅಕ್ಷರ ಕೂಡಿಸುವುದರಲ್ಲೇ ಉಸಿರು ಹೋಗುತ್ತದೆ. ಇದಕ್ಕೆ ಉಪಾಯ 'ಶ್ಯಾಮಚಿ ಆಯಿ'ಯ ಕಟ್ಟಿನಲ್ಲೇ ಇದೆ. ರಾತ್ರಿಗೊಂದು, ಹದಿನೈದು ನಿಮಿಷಕ್ಕೆ ಮುಗಿಯುವ, ಮನೆಯ ದೊಡ್ಡವರು ಗಟ್ಟಿಯಾಗಿ ಓದಿ ಹೇಳುವ ಕಥೆಗಳು. ನಾವು ಆಡುವ ಕನ್ನಡದಲ್ಲಿಯೇ ಇರಲಿ. 'ಪರಾಕ್ರಮಶಾಲಿ'ಗಳು ಬೇಡ, 'ಹೆದರಿದರೂ ಓಡಲಿಲ್ಲ' ಅಂದರೆ ಸಾಕು. ಕಥೆ ಬೇಕು ಅನ್ನಿಸಿದರೆ ಅಕ್ಷರ ಹಿಂದಿನಿಂದ ಬರುತ್ತದೆ. ಅಕ್ಷರ ಮೊದಲು ಕಲಿ, ಆಮೇಲೆ ಕಥೆ ಅಂದರೆ ಎರಡೂ ಬರುವುದಿಲ್ಲ.

ಪ್ರಕಾಶಕರು ಯಾರು ಸಿಗುತ್ತಾರೆ ಅಂತ ಕೇಳಬೇಡಿ. ಮೊದಲಿಗೆ ಒಂದು ನೂರು ಪುಟದ ನೋಟ್‌ಬುಕ್ ಸಾಕು. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಇದೆ. ಅಲ್ಲಿ ಯಾರು ಬೇಕಾದರೂ ಕನ್ನಡದಲ್ಲಿ ಮಕ್ಕಳ ಕಥೆ ಬರೆದು ಹಾಕಬಹುದು, ಬೇರೆಯವರದ್ದನ್ನು ಕನ್ನಡಕ್ಕೆ ತರಬಹುದು, ಕಾಸು ಕೊಡದೆ ಓದಬಹುದು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಯ ಕನ್ನಡ ಸಂಘಗಳು ವರ್ಷಕ್ಕೊಂದು ನಾಟಕ, ಒಂದು ಸನ್ಮಾನ ಮಾಡುತ್ತವೆ. ಶಾಲು ಹೊದಿಸುವ ಮೊದಲು ಆ ಹಿರಿಯರನ್ನು ಕೂರಿಸಿ ಅವರ ಹನ್ನೆರಡನೇ ವರ್ಷದ ಕಥೆ ಬರೆದುಕೊಳ್ಳಿ. ವರ್ಷಕ್ಕೆ ಹತ್ತು ಕಥೆ ಆದರೂ ಐದು ವರ್ಷಕ್ಕೆ ಐವತ್ತು ರಾತ್ರಿ. ಸಾನೆ ಗುರೂಜಿಗಿಂತ ಎಂಟು ಜಾಸ್ತಿಯೇ ಆಯಿತು!

ನೀವು ಯಾವ ಊರಿನಲ್ಲೇ ಇರಿ, ಇವತ್ತು ರಾತ್ರಿ ಊಟವಾದ ಮೇಲೆ ಮನೆಯ ಹಿರಿಯರನ್ನು ಒಂದು ಪ್ರಶ್ನೆ ಕೇಳಿ. "ಈ ಊರಿಗೆ ಬಂದ ಮೊದಲ ರಾತ್ರಿ ಎಲ್ಲಿ ಮಲಗಿದ್ದಿರಿ?" ಅಂತ. ಕೇಳುವಾಗ ಮಗು ಪಕ್ಕದಲ್ಲಿರಲಿ. ಉತ್ತರ ಬಂದಷ್ಟನ್ನು, ಬಂದ ಹಾಗೆಯೇ ಬರೆದಿಡಿ. ಕಾಗುಣಿತ ಆಮೇಲೆ ತಿದ್ದಿದರಾಯಿತು.